ಹಿಮ್ಮಡಿಯ ಪ್ಯಾಕಿಂಗ್

ನನ್ನ ಅಬ್ಬಾ ಹಿಂದೆ ತಿರುಗಿ ವಕಾರ್‌ಗೆ ಬೈದರು.

"ಕೈಕು ರೇ, ಯಾಕೋ ಒದ್ದೆ?"

ವಕಾರ್ ಒದ್ದಿರಲಿಲ್ಲ. ಅವನು ಗ್ಯಾರೇಜಿನ ಒಳಗೆ, ಹತ್ತು ಹೆಜ್ಜೆ ದೂರದಲ್ಲಿ, ಪೆಟ್ರೋಲ್ ಟ್ಯಾಂಕೊಂದರ ಬಾಯಿಗೆ ಕಣ್ಣಿಟ್ಟು ತುಕ್ಕು ನೋಡುತ್ತಿದ್ದ. ಇಪ್ಪತ್ತು ವರ್ಷದಿಂದ ಅಬ್ಬಾನ ಕೈಕೆಳಗೆ ಕೆಲಸ ಮಾಡಿ, ಈಗ ತಾನೂ ಎರಡು ಮಕ್ಕಳ ತಂದೆಯಾಗಿರುವ ವಕಾರ್ ತನ್ನ ಉಸ್ತಾದನನ್ನು ಒದೆಯುವುದೆಂದರೆ ಶಿವಾಜಿನಗರದ ಗುಜರಿ ಅಂಗಡಿಗಳೆಲ್ಲ ಒಂದೇ ದಿನ ಬಾಗಿಲು ಹಾಕಿದ ಹಾಗೆ. ಅಬ್ಬಾನ ಹಿಂದೆ ಯಾರೂ ಇರಲಿಲ್ಲ. ಗಲ್ಲಿಯಿಂದ ಗ್ಯಾರೇಜಿಗೆ ಹತ್ತಿಸಲು ಹಾಕಿದ್ದ ಹಲಗೆ, ಹಲಗೆಯ ಮೇಲೆ ಅರ್ಧಕ್ಕೆ ನಿಂತ ಒಂದು ಬೈಕು, ಅದನ್ನು ಮೇಲಕ್ಕೆ ತಳ್ಳುತ್ತಿದ್ದ ಅಬ್ಬಾ. ಮತ್ತೆ, ಊಟದ ಡಬ್ಬಿ ಹಿಡಿದು ಆಗಷ್ಟೇ ಬಂದ ನಾನು.

ಯಾರೋ ಹಿಂದಿನಿಂದ ಒದ್ದರು ಅನ್ನಿಸುವುದೇ ಹಿಮ್ಮಡಿಯ ನರ ಹರಿದದ್ದರ ಲಕ್ಷಣ. ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ, ನನಗೆ ಇಪ್ಪತ್ತಾರಾಗಿದ್ದಾಗ, ನಮ್ಮ ಸ್ಕೂಲಿನ ಮೇಷ್ಟ್ರುಗಳ ಫುಟ್‌ಬಾಲ್ ಪಂದ್ಯದಲ್ಲಿ ನಾನೂ ಹಾಗೇ ತಿರುಗಿ ಗಣಿತದ ಮೇಷ್ಟ್ರಿಗೆ ಬೈದಿದ್ದೆ. ಪಾಪ, ಅವರು ಅರ್ಧ ಮೈದಾನ ದೂರದಲ್ಲಿದ್ದರು. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ಹುರಿ ಅದು. ಪುಸ್ತಕದಲ್ಲಿ ಸ್ನಾಯುರಜ್ಜು, ನಮ್ಮ ಬಾಯಲ್ಲಿ ನರ. ನನ್ನದು ಬಲಗಾಲಿನದು ಹರಿದಿತ್ತು. ಅಬ್ಬಾನದು ಎಡಗಾಲು.

ಡಬ್ಬಿ ಕೆಳಗಿಟ್ಟು, ಅಬ್ಬಾನನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಮ್ಮಡಿಯ ಮೇಲೆ ಬೆರಳಿಟ್ಟೆ. ಎರಡು ಬೆರಳಗಲ ಹಳ್ಳ ಸಿಕ್ಕಿತು. "ನಂದೇ ಕೇಸು" ಎಂದೆ ವಕಾರ್ ಕಡೆ ನೋಡಿ. ನನ್ನ ದನಿಯಲ್ಲಿ ಗಾಬರಿ ಇರಲಿಲ್ಲ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಸ್ವಲ್ಪ ಗತ್ತಿತ್ತು.

ಗ್ಯಾರೇಜಿನ ಕ್ರಮ ಹೇಳದಿದ್ದರೆ ಆ ಕಾಲಿನ ಬೆಲೆ ತಿಳಿಯುವುದಿಲ್ಲ. ಅಬ್ಬಾ, ಎಂದರೆ ಮಂಜೂರ್ ಮೇಸ್ತ್ರಿ, ಹಳೆಯ ಜಾವಾ ಮತ್ತು ಎಜ್ಡಿ ಬೈಕುಗಳನ್ನು ಮಾತ್ರ ಮುಟ್ಟುತ್ತಾರೆ. ಅವುಗಳಲ್ಲಿ ಕಿಕ್ಕರ್ ಎಡಗಡೆ ಇರುತ್ತದೆ. ಗೇರಿಗೂ ಕಿಕ್ಕಿಗೂ ಅದೊಂದೇ ಲಿವರ್. ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಮೊದಲ ಕಿಕ್ ಅಬ್ಬಾನ ಎಡಗಾಲಿನದೇ ಆಗಬೇಕು. ಸ್ಟಾರ್ಟ್ ಆಗುವುದಷ್ಟೇ ಮುಖ್ಯವಲ್ಲ. ಅವರು ಮೊದಲು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾರೆ. ಪಿಸ್ಟನ್ ಮೇಲೆ ಬರುವಾಗ ಒಳಗಿನ ಗಾಳಿ ಎಷ್ಟು ಗಟ್ಟಿಯಾಗಿ ತಿರುಗಿ ತಳ್ಳುತ್ತದೆ ಎನ್ನುವುದು ಪಾದದ ಮುಂಭಾಗಕ್ಕೆ ಗೊತ್ತಾಗುತ್ತದಂತೆ. ಸರಿಯಿಲ್ಲ ಅನ್ನಿಸಿದರೆ ಅದನ್ನು ಸ್ಟಾರ್ಟೂ ಮಾಡದೆ ಮತ್ತೆ ಬಿಚ್ಚಿಸುತ್ತಾರೆ. ವಕಾರ್ ಕಟ್ಟಿದ ಎಂಜಿನ್ನನ್ನೂ ಹಾಗೆಯೇ ನೋಡುತ್ತಿದ್ದದ್ದು. ಅಬ್ಬಾನ ಪಾದ ಒಪ್ಪದ ಬೈಕು ಆ ಗಲ್ಲಿ ದಾಟಿದ್ದಿಲ್ಲ.

ಡಾಕ್ಟರು ಆಪರೇಷನ್ ಬೇಡ ಎಂದರು. ಅರವತ್ತೆರಡು ವಯಸ್ಸು, ಸಕ್ಕರೆ ಬೇರೆ. ಆ ಜಾಗದ ಗಾಯ ಬೇಗ ಮಾಯುವುದಿಲ್ಲ. ಅದರ ಬದಲು ಮೊಣಕಾಲ ಕೆಳಗಿನವರೆಗೆ ಬರುವ ಒಂದು ದೊಡ್ಡ ಪ್ಲಾಸ್ಟಿಕ್ ಬೂಟು ಕೊಟ್ಟರು. ಅದರೊಳಗೆ ಹಿಮ್ಮಡಿಯ ಕೆಳಗೆ ರಬ್ಬರಿನ ನಾಲ್ಕು ಬೆಣೆಗಳು, ಒಂದರ ಮೇಲೊಂದು. ಹಿಮ್ಮಡಿ ಎತ್ತರದಲ್ಲಿದ್ದರೆ ಹರಿದ ನರದ ಎರಡು ತುದಿಗಳು ಹತ್ತಿರ ಇರುತ್ತವೆ, ತಾವೇ ಕೂಡಿಕೊಳ್ಳುತ್ತವೆ. ಕೂಡುತ್ತ ಬಂದ ಹಾಗೆ ಒಂದೊಂದೇ ಬೆಣೆ ತೆಗೆಯುತ್ತ ಪಾದವನ್ನು ನೆಲಕ್ಕೆ ತರಬೇಕು. ಅಬ್ಬಾ ಅವುಗಳನ್ನು ಪ್ಯಾಕಿಂಗ್ ಎಂದು ಕರೆದರು. ಎಂಜಿನ್ ಕೆಲಸದಲ್ಲಿ ಸಂದು ತುಂಬಿಸಲು ಇಡುವ ತುಂಡಿಗೆ ಅವರು ಹೇಳುವುದೇ ಹಾಗೆ.

ಬೂಟು ಹಾಕಿ ಗ್ಯಾರೇಜಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಮೊದಲ ದಿನವೇ ಮುನಿರಾಜಪ್ಪನವರು ಬಂದರು. ಫ್ಯಾಕ್ಟರಿ ಕೆಲಸದಿಂದ ರಿಟೈರ್ ಆದವರು, ಟಿನ್ ಫ್ಯಾಕ್ಟರಿ ಸ್ಟಾಪಿನಿಂದ ಬಸ್ಸು ಹಿಡಿದು ಬರುತ್ತಾರೆ. ಅವರ ಮದುವೆಗೆ ಮುಂಚಿನ ಎಜ್ಡಿ ಎರಡು ತಿಂಗಳಿಂದ ನಮ್ಮಲ್ಲಿ ಬಿಚ್ಚಿ ಬಿದ್ದಿತ್ತು. ಹಲಗೆಯ ಮೇಲೆ ಅರ್ಧಕ್ಕೆ ನಿಂತಿದ್ದ ಬೈಕು ಅದೇ. ಎಂಜಿನ್ ಕಟ್ಟಿ ಮುಗಿದಿತ್ತು, ಮೊದಲ ಕಿಕ್ ಬಾಕಿ.

"ಏನ್ ಸಾಬ್ರೇ, ಕಾಲಿಗೂ ಹೆಲ್ಮೆಟ್ಟಾ?"

"ನಿಮ್ ಗಾಡಿ ಹಾಕ್ಸಿದ್ದು. ತಳ್ಳೋಕ್ ಹೋಗಿ ಹಿಂಗಾಯ್ತು. ಆನೆ ಥರಾ ಇದೆ."

"ಆನೆ ಅಲ್ರೀ, ಮೇಸ್ತ್ರಿಗೆ ವಯಸ್ಸಾಯ್ತು. ಇರ್ಲಿ, ಎಷ್ಟು ದಿನ?"

"ನನ್ ಮಗನ್ನ ಕೇಳಿ. ಅವ್ನೇ ನಮ್ ಡಾಕ್ಟ್ರು ಈಗ."

ಹನ್ನೆರಡು ವಾರ ಎಂದೆ ನಾನು, ಲೆಕ್ಕ ಹಾಕದೆ. ನನ್ನ ಕಾಲಿಗಾದಾಗ ಹನ್ನೆರಡನೆಯ ವಾರಕ್ಕೆ ನಾನು ಕಲ್ಯಾಣ ನಗರದ ನಮ್ಮ ಸ್ಕೂಲ್ ಮೈದಾನದಲ್ಲಿ ಮಕ್ಕಳ ಜೊತೆ ಜೋರಾಗಿ ನಡೆಯುತ್ತಿದ್ದೆ, ಐದನೆಯ ತಿಂಗಳಿಗೆ ಓಡುತ್ತಿದ್ದೆ. "ವಕಾರ್ ಹತ್ರ ಈಗ್ಲೇ ಸ್ಟಾರ್ಟ್ ಮಾಡ್ಸಿ ತಗೊಂಡ್ಹೋಗಿ" ಎಂದು ಅಬ್ಬಾ ಬಾಯಿಮಾತಿಗೆ ಹೇಳಿದರು. ಮುನಿರಾಜಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ನಲವತ್ತು ವರ್ಷ ನಿಮ್ ಕಾಲೇ ಹೊಡೆದಿರೋದು. ಹನ್ನೆರಡು ವಾರ ಏನ್ ಮಹಾ, ಕಾಯ್ತೀನಿ."

ಅಬ್ಬಾನ ಮುಖ ಅರಳಿದ್ದು ನೋಡಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ತಿಂಗಳ ಒಂದು ಶನಿವಾರಕ್ಕೆ ಪೆನ್ನಿನಿಂದ ಸುತ್ತು ಹಾಕಿದವನು ನಾನೇ.

ಇಂದಿರಾನಗರದ ಫಿಸಿಯೋಥೆರಪಿಸ್ಟ್ ಮೋನಿಷಾ ಹತ್ತಿರ ಶುರುವಿನಲ್ಲಿ ಹೋದದ್ದು ಎರಡೇ ಸಲ. ನನ್ನ ಕಾಲು ನೋಡಿಕೊಂಡವರೂ ಅವರೇ. ಅಬ್ಬಾ ಮೇಜಿನ ಮೇಲೆ ಕೂತು ಹೆಮ್ಮೆಯಿಂದ ಹೇಳಿದರು:

"ಇವ್ನು ಪಿ.ಟಿ. ಮೇಷ್ಟ್ರು ಅಲ್ವಾಮ್ಮ. ಕಾಲಿಂದೆಲ್ಲಾ ಗೊತ್ತು ಇವ್ನಿಗೆ."

"ಅದೇ ಭಯ ನಂಗೆ ಅಂಕಲ್" ಎಂದು ಮೋನಿಷಾ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ಸರ್, ನಿಮ್ಮ ವ್ಯಾಯಾಮದ ಶೀಟ್ ಬೇರೆ, ಅಂಕಲ್‌ದು ಬೇರೆ. ನಿಮಗೆ ಹೊಲಿಗೆ ಹಾಕಿದ್ರು, ಇಪ್ಪತ್ತಾರು ವಯಸ್ಸು. ಈ ವಯಸ್ಸಲ್ಲಿ ರಿಪೇರಿ ಮಾಡೋ ಸೆಲ್ಸೇ ಕಮ್ಮಿ, ಬರೋದೂ ನಿಧಾನ. ರಕ್ತ ಓಡಾಟನೂ ಅಷ್ಟಕ್ಕಷ್ಟೇ. ಹೊಸ ಎಳೆ ಬಂದ್ರೂ ನಿಮ್ಮದರ ಥರ ನೀಟಾಗಿ ಉದ್ದುದ್ದ ಕೂರಲ್ಲ, ಅಡ್ಡಾದಿಡ್ಡಿ ಕೂರುತ್ತೆ. ಜೊತೆಗೆ ಶುಗರ್. ಗಟ್ಟಿಯಾಗೋಕೆ ಟೈಮ್ ಬೇಕು. ನಾಲ್ಕು ವಾರ ಏನೂ ಮುಟ್ಟೋದು ಬೇಡ. ಆಮೇಲೆ ಎರಡು ವಾರಕ್ಕೊಂದು ವೆಡ್ಜ್, ಆ ಬೆಣೆ. ಅದೂ ಇಲ್ಲೇ, ನಾನೇ ತೆಗೀತೀನಿ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದು ಎಷ್ಟು ಸುಲಭ ಎಂದರೆ ಅದಕ್ಕೆ ಒಂದು ನರವೂ ಬೇಡ.

ಎರಡನೆಯ ಸಲ ಹೋಗಿ ಬರುವಾಗ ಹಲಸೂರು ಕೆರೆಯ ಹತ್ತಿರ ಆಟೋ ಮುಕ್ಕಾಲು ಗಂಟೆ ನಿಂತಿತು. ಅಬ್ಬಾ ಬೂಟುಗಾಲನ್ನು ಹೊರಗೆ ಚಾಚಿಕೊಂಡು ಬೆವರುತ್ತಿದ್ದರು. ಅಲ್ಲಿ ಮಾಡಿಸಿದ್ದಾದರೂ ಏನು? ಬೆರಳಾಡಿಸುವುದು, ಮೊಣಕಾಲು ಮಡಿಸುವುದು. "ಇಷ್ಟನ್ನ ಮನೇಲಿ ನಾನು ಮಾಡಿಸಲ್ವಾ?" ಎಂದೆ. ಅಬ್ಬಾ, "ಹೌ, ನೀನಿದ್ದೀಯಲ್ಲ" ಎಂದರು. ಆ ಮಾತು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ... ಅಬ್ಬಾನ ಗ್ಯಾರೇಜಿನಲ್ಲಿ ನಾನು ಯಾವತ್ತೂ ಉಪಯೋಗಕ್ಕೆ ಬಂದವನಲ್ಲ. ಸ್ಪ್ಯಾನರ್ ಕೇಳಿದರೆ ಒಂದು ಸೈಜು ದೊಡ್ಡದು ಕೊಡುತ್ತಿದ್ದವನು. ನನಗೆ ಗೊತ್ತಿದ್ದು ಅವರಿಗೆ ಬೇಕಾಗಿರುವುದು ಇಪ್ಪತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು.

ಅಲ್ಮೇರಾದಿಂದ ನನ್ನ ಹಳೆಯ ಶೀಟ್ ತೆಗೆದೆ. ವಾರ ಒಂದು, ವಾರ ಎರಡು. ಪಕ್ಕದಲ್ಲಿ ನಾನೇ ಹಾಕಿಕೊಂಡ ಟಿಕ್ ಮಾರ್ಕುಗಳು. ನನ್ನ ಪ್ರಕಾರ ಮೊದಲ ಬೆಣೆ ಮೂರನೆಯ ವಾರಕ್ಕೆ. ಆಮೇಲೆ ವಾರಕ್ಕೊಂದು.

ಎರಡನೆಯದನ್ನು ತೆಗೆದ ಸಂಜೆ ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಆ ಹುಡುಗಿ ಹದಿನೈದು ದಿನಕ್ಕೊಂದು ಅಂದಿದ್ಲು ಅಂತ ನಿಮ್ಮಬ್ಬಾ ಹೇಳಿದ್ರು?"

"ಅವ್ರು ಎಲ್ರಿಗೂ ಹಾಗೇ ಹೇಳೋದು ಅಮ್ಮಿ. ಸೇಫ್ ಸೈಡ್‌ಗೆ."

"ನಿಂಗೂ ಹಾಗೇ ಹೇಳಿದ್ಲಾ?"

ನಾನು ಬೂಟಿನ ಪಟ್ಟಿ ಬಿಗಿದೆ. ಅಬ್ಬಾ ಎದ್ದು ನಿಂತು ಒಂದು ಹೆಜ್ಜೆ ಹಾಕಿ ಮುಖ ಕಿವುಚಿದರು. "ಎಳೀತಿದೆ ಬೇಟಾ."

"ಎಳೀಲಿ. ಎಳೆದ್ರೇನೇ ಬರೋದು. ನಂಗೂ ಎಳೀತಿತ್ತು."

ನಿಜ, ನನಗೂ ಎಳೆದಿತ್ತು. ನನ್ನದು ಎಳೆದು ಮತ್ತೆ ಬಿಗಿದುಕೊಂಡಿತ್ತು. ಅದು ಬಿಗಿದುಕೊಂಡದ್ದು ನಾನು ಮಾಡಿದ ವ್ಯಾಯಾಮದಿಂದ, ನನ್ನ ಹಟದಿಂದ ಎಂದು ಮೂರು ವರ್ಷದಿಂದ ನಂಬಿಕೊಂಡು ಬಂದಿದ್ದೆ. ಮಕ್ಕಳಿಗೂ ಅದನ್ನೇ ಹೇಳುತ್ತಿದ್ದೆ, ಕಾಲಿನ ಗಾಯದ ಗುರುತು ತೋರಿಸಿ. ಮನಸ್ಸಿದ್ದರೆ ಮೈ ಕೇಳುತ್ತದೆ ಎಂದು. ವಯಸ್ಸು ತನ್ನಷ್ಟಕ್ಕೆ ತಾನು ಮಾಡಿಕೊಟ್ಟ ಕೆಲಸಕ್ಕೆ ನಾನು ಕೂಲಿ ತೆಗೆದುಕೊಂಡಿದ್ದೆ.

ಆರನೆಯ ವಾರಕ್ಕೆ ಬೂಟು ಖಾಲಿ. ಪಾದ ಚಪ್ಪಟೆಯಾಗಿ ನೆಲಕ್ಕೆ ಬಂತು. ಅಬ್ಬಾ ಗಲ್ಲಿಯಲ್ಲಿ ನಡೆದರು. ಟೀ ಅಂಗಡಿಯವರು, ಎದುರಿನ ಸೀಟ್ ಕವರ್ ಹೊಲಿಯುವವರು ಎಲ್ಲ ಹೊರಗೆ ಬಂದು ನೋಡಿದರು. "ನನ್ ಮಗ ಮಾಡ್ಸಿದ್ದು" ಎಂದು ಅಬ್ಬಾ ಒಬ್ಬೊಬ್ಬರಿಗೂ ಹೇಳಿದರು. ಎಂಟನೆಯ ವಾರ ಗೋಡೆಗೆ ಕೈಕೊಟ್ಟು ಹಿಮ್ಮಡಿ ಊರಿ ಮೀನಖಂಡ ಎಳೆಯುವ ವ್ಯಾಯಾಮ ಮಾಡಿಸಿದೆ. ಅವರ ಪಾದ ನನ್ನದಕ್ಕಿಂತ ಸಲೀಸಾಗಿ ಮೇಲಕ್ಕೆ ಬಾಗುತ್ತಿತ್ತು. ಬಲಗಾಲಿಗಿಂತ ಎಡಗಾಲು ಹೆಚ್ಚು ಬಾಗುತ್ತಿತ್ತು. ಅದನ್ನು ನೋಡಿ ನಾನು ಮೆಚ್ಚಿದೆ. "ಸೂಪರ್ ಅಬ್ಬಾ, ನನಗಿಂತ ಚೆನ್ನಾಗಿದೆ" ಎಂದೆ. ಈಗ ಅದನ್ನು ನೆನೆದರೆ ನನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡುತ್ತೇನೆ.

ಹನ್ನೊಂದನೆಯ ವಾರ ನಡಿಗೆಯಲ್ಲಿ ಏನೋ ತಪ್ಪಿದೆ ಎಂದು ಮೊದಲು ಹೇಳಿದವನು ವಕಾರ್.

"ಉಸ್ತಾದ್ ನಡೀತಾರೆ, ಆದ್ರೆ ಹಿಂದಿನ್ ಚಕ್ರ ಎಳೀತಿಲ್ಲ ಕಣಪ್ಪ. ಚೈನ್ ಲೂಸ್ ಇದ್ದಂಗಿದೆ."

ನೋವಿರಲಿಲ್ಲ. ಅಬ್ಬಾ ಎಡಗಾಲನ್ನು ಮುಂದಿಡುತ್ತಿದ್ದರು, ಅದರ ಮೇಲೆ ನಿಲ್ಲುತ್ತಿದ್ದರು, ಆದರೆ ಅಲ್ಲಿಂದ ಮೈಯನ್ನು ಮುಂದಕ್ಕೆ ತಳ್ಳಲು ಆ ಪಾದಕ್ಕೆ ಆಗುತ್ತಿರಲಿಲ್ಲ. ಬಲಗಾಲು ಅವಸರದಿಂದ ಬಂದು ಅವರನ್ನು ಹಿಡಿದುಕೊಳ್ಳುತ್ತಿತ್ತು.

ಮತ್ತೆ ಮೋನಿಷಾ ಹತ್ತಿರ ಹೋದೆವು, ಈ ಸಲ ಅಮ್ಮಿಯೂ ಬಂದರು. ಮೋನಿಷಾ ಅಬ್ಬಾನನ್ನು ಬೋರಲು ಮಲಗಿಸಿ ಮೊಣಕಾಲು ಮಡಿಸಿ ಎರಡೂ ಪಾದಗಳನ್ನು ಸುಮ್ಮನೆ ಬಿಟ್ಟರು. ಬಲಪಾದ ತಾನಾಗಿ ಸ್ವಲ್ಪ ಚೂಪಾಗಿ ಮೇಲಕ್ಕೆ ನೋಡುತ್ತಿತ್ತು. ಎಡಪಾದ ಅಡ್ಡಕ್ಕೆ, ತಟ್ಟೆಯಂತೆ ಬಿದ್ದುಕೊಂಡಿತ್ತು. ಅವರು ಸ್ಕ್ಯಾನಿಗೆ ಚೀಟಿ ಬರೆದರು. ಸ್ಕ್ಯಾನ್ ಮಾಡಿಸಿಕೊಂಡು ಮೂರು ದಿನ ಬಿಟ್ಟು ಹೋದೆವು.

"ಕೂಡಿದೆ ಅಂಕಲ್. ಆದ್ರೆ ಉದ್ದವಾಗಿ ಕೂಡಿದೆ. ಮೆತ್ತಗಿರುವಾಗ್ಲೇ ಎಳೆದ್ಬಿಟ್ಟಿದೆ, ಹಾಗೇ ಗಟ್ಟಿಯಾಗ್ತಾ ಇದೆ."

"ಟೈಟ್ ಮಾಡಕ್ಕಾಗಲ್ವಾಮ್ಮ?" ಎಂದರು ಅಬ್ಬಾ. ಅವರಿಗೆ ಅದು ಇನ್ನೂ ಚೈನೇ.

"ಚಿಕ್ಕವ್ರಾಗಿದ್ರೆ ಆಪರೇಷನ್ ಮಾಡಿ ಗಿಡ್ಡ ಮಾಡ್ಬಹುದಿತ್ತು. ನಿಮಗೆ ಡಾಕ್ಟ್ರು ಒಪ್ಪಲ್ಲ. ವ್ಯಾಯಾಮ ಮಾಡಿದ್ರೆ ಸ್ವಲ್ಪ ಶಕ್ತಿ ಬರುತ್ತೆ. ಮೊದಲಿನ ಥರ ಬರಲ್ಲ ಅಂಕಲ್, ಸುಳ್ಳು ಹೇಳಲ್ಲ." ಅವರು ಫೈಲ್ ಮುಚ್ಚಿದರು. "ವೆಡ್ಜ್ ಯಾರು ತೆಗೆದ್ರು?"

ನನ್ನ ಬಾಯಿ ತೆರೆದಿತ್ತು. ಉಸಿರನ್ನೂ ಎಳೆದುಕೊಂಡಿದ್ದೆ. ಆ ಉಸಿರು ಮಾತಾಗುವುದರೊಳಗೆ ಅಬ್ಬಾ ಹೇಳಿದರು:

"ನಾನೇ ತೆಗ್ದೆಮ್ಮ. ಒಂದು ಕಾಲು ಎತ್ತರ, ಒಂದು ಗಿಡ್ಡ. ನಡೆಯಕ್ಕೆ ಕಷ್ಟ ಆಯ್ತು. ಇವ್ನು ನಕ್ಕೋ ನಕ್ಕೋ, ಬೇಡ ಅಂತಾನೇ ಇದ್ದ, ಕೇಳ್ಲಿಲ್ಲ ನಾನು."

"ಅಯ್ಯೋ ಅಂಕಲ್" ಎಂದರು ಮೋನಿಷಾ. ಆಮೇಲೆ ನನ್ನ ಕಡೆ ನೋಡಿದರು, ಮರುಕದಿಂದ. ಮಾತು ಕೇಳದ ಅಪ್ಪನನ್ನು ಸಂಭಾಳಿಸುವ ಮಗನನ್ನು ನೋಡುವ ಹಾಗೆ. ಅಮ್ಮಿ ಕಿಟಕಿಯ ಕಡೆ ಮುಖ ತಿರುಗಿಸಿದರು. ನಾನು ಎಳೆದುಕೊಂಡ ಉಸಿರನ್ನು ಮೂಗಿನಿಂದ ಬಿಟ್ಟೆ.

ಗ್ಯಾರೇಜಿನಲ್ಲಿ ವಕಾರ್‌ಗೂ ಅಬ್ಬಾ ಅದೇ ಸುಳ್ಳು ಹೇಳಿದರು. ಅಮ್ಮಿ ಮಾತ್ರ ಒಂದು ವಾರ ನನಗೆ ಊಟ ಬಡಿಸಿ ಅಲ್ಲಿ ನಿಲ್ಲದೆ ಹೋಗುತ್ತಿದ್ದರು.

ಕ್ಯಾಲೆಂಡರಿನ ಸುತ್ತು ಹಾಕಿದ ಶನಿವಾರ ಕಳೆದು ನಾಲ್ಕು ವಾರವಾದ ಮೇಲೆ ಮುನಿರಾಜಪ್ಪನವರನ್ನು ಬರಹೇಳಿದರು ಅಬ್ಬಾ. ಬೇಡ ಎಂದು ನಾನೂ ವಕಾರೂ ಹೇಳಿದೆವು. ಕೇಳಲಿಲ್ಲ. ಮುನಿರಾಜಪ್ಪ ಬೇಕರಿಯಿಂದ ಒಂದು ಡಬ್ಬಿ ದಿಲ್‌ಪಸಂದ್ ಹಿಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಬೈಕು ಗಲ್ಲಿಯ ಮಧ್ಯೆ ಸ್ಟ್ಯಾಂಡ್ ಹಾಕಿ ನಿಂತಿತ್ತು, ಟ್ಯಾಂಕಿನ ಮೇಲೆ ಬಿಸಿಲು.

ಅಬ್ಬಾ ಚಪ್ಪಲಿ ಬಿಟ್ಟು ಹತ್ತಿ ಕೂತರು. ಎಡಪಾದವನ್ನು ಕಿಕ್ಕರಿನ ಮೇಲಿಟ್ಟು ಮೆಲ್ಲಗೆ ಒತ್ತಿದರು. ಒಳಗಿನ ಗಾಳಿ ತಿರುಗಿ ತಳ್ಳಿತು. ಕಿಕ್ಕರ್ ನಿಂತಲ್ಲೇ ನಿಂತಿತು, ಹಿಮ್ಮಡಿ ಕೆಳಕ್ಕೆ ಕುಸಿಯಿತು, ಪಾದ ಮೇಲಕ್ಕೆ ಮಡಿಸಿಕೊಂಡಿತು. ಅಬ್ಬಾ ಕಣ್ಣು ಮುಚ್ಚಿ ಇನ್ನೊಮ್ಮೆ ಒತ್ತಿದರು. ಮತ್ತೆ ಹಾಗೆಯೇ. ಮೂರನೆಯ ಸಲ ಮೈಭಾರವನ್ನೆಲ್ಲ ಹಾಕಿ ಹೊಡೆದರು. ಕಿಕ್ಕರ್ ಅರ್ಧ ಹೋಗಿ ಜಾರಿತು, ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು.

"ಗೊತ್ತಾಗ್ತಿಲ್ಲ" ಎಂದರು ಅಬ್ಬಾ. ಯಾರಿಗೂ ಅಲ್ಲ, ಟ್ಯಾಂಕಿಗೆ. "ಎಷ್ಟು ತಳ್ತಿದೆ ಅಂತಾನೇ ಗೊತ್ತಾಗ್ತಿಲ್ಲ."

ಇಳಿದು ಚಪ್ಪಲಿ ಹಾಕಿಕೊಂಡರು. "ವಕಾರ್, ನೀ ಹೊಡಿ."

"ಉಸ್ತಾದ್, ನಾನು..."

"ಹೊಡಿ ಅಂದೆ."

ವಕಾರ್ ಚಪ್ಪಲಿ ಬಿಡಲಿಲ್ಲ. ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ಪಾದ ಆಡಿಸಿ, ಹಾಗೆಯೇ ಹತ್ತಿದ. ಎರಡನೆಯ ಹೊಡೆತಕ್ಕೆ ಬೈಕು ಎದ್ದಿತು. ಒಳ್ಳೆಯ ಶಬ್ದ. ಒಳ್ಳೆಯ ಎಂಜಿನ್. ಅಬ್ಬಾ ತಲೆ ಒಂದು ಕಡೆ ವಾಲಿಸಿ ಕೇಳಿ, ಆಫ್ ಮಾಡಲು ಕೈಸನ್ನೆ ಮಾಡಿದರು.

ಮುನಿರಾಜಪ್ಪ ದಿಲ್‌ಪಸಂದ್ ಡಬ್ಬಿಯ ದಾರ ಬಿಚ್ಚುತ್ತ, ದುಃಖಕ್ಕೆ ಬೇರೆ ದಾರಿ ಕಾಣದೆ ಬೈಯಲು ಶುರು ಮಾಡಿದರು.

"ಸಾಬ್ರೇ, ನಿಮ್ಗೆ ಬುದ್ಧಿ ಬೇಡ್ವಾ? ಮನೇಲೇ ಮೇಷ್ಟ್ರನ್ನ ಇಟ್ಕೊಂಡು, ಅವ್ನು ಬೇಡ ಬೇಡ ಅಂದ್ರೂ ಎಲ್ಲಾ ಕಿತ್ತು ಬಿಸಾಕಿದ್ರಂತೆ? ವಕಾರ್ ಹೇಳ್ದ. ಮಗನ್ ಮಾತು ಒಂದಾದ್ರೂ ಕೇಳ್ಬಾರ್ದಾ?"

ಅಬ್ಬಾ ನಕ್ಕರು. "ನಂದು ಹಟ ಜಾಸ್ತಿ, ನಿಮಗೇ ಗೊತ್ತಲ್ಲ."

"ತೆಗೆದದ್ದು ನಾನು" ಎಂದೆ.

ಮುನಿರಾಜಪ್ಪನವರ ಕೈ ದಾರದ ಮೇಲೇ ನಿಂತಿತು.

"ಅಬ್ಬಾ ಅಲ್ಲ. ನಾನು. ಎರಡು ವಾರಕ್ಕೊಂದು ಅಂತ ಫಿಸಿಯೋದವ್ರು ಹೇಳಿದ್ರು, ನಾನು ವಾರಕ್ಕೊಂದು ತೆಗೆದೆ. ನನ್ನ ಕಾಲಿನ ಲೆಕ್ಕದಲ್ಲಿ. ಅಬ್ಬಾ ಎಳೀತಿದೆ ಅಂದ್ರು. ಎಳೀಲಿ ಅಂದೆ."

ವಕಾರ್ ಬೈಕಿನಿಂದ ಇಳಿದು ಒಳಗೆ ಹೋದ. ಮುನಿರಾಜಪ್ಪ, "ಹೋಗ್ಲಿ ಬಿಡಪ್ಪ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದರು. ಒಂದು ತುಂಡು ದಿಲ್‌ಪಸಂದ್ ಅಬ್ಬಾಗೆ ಕೊಟ್ಟರು, ಒಂದು ನನಗೆ. ಅವರು ಬೈಕು ಹತ್ತಿ ಹೋಗುವವರೆಗೂ ನಾವು ಅದನ್ನು ಕೈಯಲ್ಲೇ ಹಿಡಿದಿದ್ದೆವು.

ಗ್ಯಾರೇಜಿನ ಒಳಗೆ ಬಂದ ಮೇಲೆ ಅಬ್ಬಾ ಕೇಳಿದರು, "ಹಗುರ ಆಯ್ತಾ?"

"ಇಲ್ಲ."

"ಮತ್ತೆ ಕೈಕು ಹೇಳ್ದೆ? ಆ ಹುಡುಗಿ ಮುಂದೆ ಹೇಳಿದ ಸುಳ್ಳು ನಂದು. ಅದನ್ನ ಒಡೀ ಅಂತ ನಿಂಗ್ಯಾರು ಹೇಳಿದ್ರು?"

ನಾನು ಕ್ಷಮಿಸಿ ಎನ್ನಬೇಕಿತ್ತು. ಆ ಹದಿನಾರು ವಾರದಲ್ಲಿ ಒಂದು ಸಲವೂ ಹೇಳಿರಲಿಲ್ಲ. ಹೇಳಿದರೆ ಅವರು ಪರವಾಗಿಲ್ಲ ಎನ್ನಬೇಕಾಗುತ್ತಿತ್ತು. ಇನ್ನೊಂದು ಸುಳ್ಳು ಅವರ ಕೈಯಲ್ಲಿ ಹೇಳಿಸುವುದು ನನಗೆ ಬೇಕಿರಲಿಲ್ಲ.

ಅಬ್ಬಾ ಗೋಡೆಯ ಮೇಲಿನ ರ್ಯಾಕ್ ನೋಡುತ್ತ ನಿಂತಿದ್ದರು. ಕಾರ್ಬ್ಯುರೇಟರಿನ ಸಣ್ಣ ಸಾಮಾನುಗಳ ಟಿನ್ನುಗಳು ಅಲ್ಲಿರುತ್ತವೆ, ತುದಿಗಾಲಲ್ಲಿ ನಿಂತರೆ ಮಾತ್ರ ಸಿಗುವಷ್ಟು ಎತ್ತರದಲ್ಲಿ. ಅವರು ಕೈ ಚಾಚಿದರು. ಬಲಹಿಮ್ಮಡಿ ಎದ್ದಿತು, ಎಡಗಡೆ ಮೈ ವಾಲಿತು, ಬೆರಳು ಟಿನ್ನಿನ ಕೆಳಗೆ ಒಂದು ಗೇಣು ದೂರದಲ್ಲಿ ನಿಂತಿತು. ಕೈ ಇಳಿಸಿದರು.

"ಅದನ್ನೆಲ್ಲ ಕೆಳಗಿಡು" ಎಂದರು. "ಇನ್ಮೇಲೆ ಕೆಳಗೇ ಇರ್ಲಿ."

ನಾನು ಗೋಡೆಯ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತೆ. ನನ್ನ ಎರಡೂ ಹಿಮ್ಮಡಿಗಳು ನನ್ನನ್ನು ಕೇಳದೆಯೇ ಸಲೀಸಾಗಿ ಮೇಲೆದ್ದವು. ಮೊದಲ ಟಿನ್ ತೆಗೆದು ಕತ್ತು ಹಿಂದಕ್ಕೆ ತಿರುಗಿಸಿದಾಗ ಅಬ್ಬಾ ನನ್ನ ಮುಖ ನೋಡುತ್ತಿರಲಿಲ್ಲ. ಬಗ್ಗಿ, ನನ್ನ ಬಲಗಾಲಿನ ಹಿಂಭಾಗವನ್ನು ನೋಡುತ್ತಿದ್ದರು. ಬೇರೆ ಮೇಸ್ತ್ರಿ ಕಟ್ಟಿದ ಎಂಜಿನ್ ನೋಡುವಾಗ ನೋಡುವ ಹಾಗೆ, ತಲೆ ಸ್ವಲ್ಪ ವಾಲಿಸಿ.

"ಚೆನ್ನಾಗಿ ಕೂಡಿದೆ ನಿಂದು" ಎಂದರು. ಟಿನ್ ತೆಗೆದುಕೊಳ್ಳಲು ಕೈ ಚಾಚಿದರು. "ಹೂಂ, ಕೊಡು. ಆ ಮೂಲೇದೂ ತೆಗಿ."